‘ಪಗಾರ ತಡೆದರೆ ಕೆಲಸ ಹೆಚ್ಚುತ್ತದೆ’ ಎಂಬ ಲೆಕ್ಕ ನೋಡುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವವ ನಾನು. ಪಗಾರದ ಏರಿಕೆ ತಡೆದರೆ ಹೆಚ್ಚು ಜನಕ್ಕೆ ಕೆಲಸ ಸಿಗುತ್ತದೆ ಎಂಬ ಮಾತನ್ನು ತೂಗಿ ನೋಡಲು ಹುಡುಗರಿಗೆ ಹೇಳುವುದಿಷ್ಟು: ಮೊದಲು ಪಗಾರದ ಏರಿಕೆಯಲ್ಲಿ ಬೆಲೆಯೇರಿಕೆ ಕಳೆಯಿರಿ. ಪಗಾರ 6%, ಬೆಲೆ 5% ಏರಿದ್ದರೆ ಕೈಗೆ ಹತ್ತಿದ್ದು ಸುಮಾರು 1%. ಆಮೇಲೆ ಉತ್ಪಾದಕತೆ, ಅಂದರೆ ಒಂದು ತಾಸಿನ ದುಡಿಮೆಯಿಂದ ಹುಟ್ಟುವ ಮೌಲ್ಯ. ಮಾಲು ಮಾರಿದ ದುಡ್ಡಿನಲ್ಲಿ ಕಚ್ಚಾಮಾಲು, ಕರೆಂಟು ಕಳೆದು, ಉಳಿದದ್ದನ್ನು ದುಡಿದ ತಾಸುಗಳಿಂದ ಭಾಗಿಸಿ. ತಲೆಗಳಿಂದಲ್ಲ, ತಾಸುಗಳಿಂದ, ಬಹಳ ಜನ ತಪ್ಪುವುದು ಇಲ್ಲೇ.

ನೆದರ್ಲೆಂಡ್ಸಿನ ಕಾರ್ಮಿಕ ಸಂಘಗಳು ಮಾಲಕರ ಸಂಘಗಳೊಂದಿಗೆ ಮಾಡಿಕೊಂಡ 1982ರ ವಾಸನಾರ್ ಒಪ್ಪಂದದಲ್ಲಿ ಪಗಾರದ ಬೇಡಿಕೆ ತಗ್ಗಿಸಿ, ಬದಲಿಗೆ ಕೆಲಸದ ಅವಧಿ ಇಳಿಸಲು ಅವರನ್ನು ಒಪ್ಪಿಸಿದವು. ಮುಂದೆ ಉದ್ಯೋಗ ಬೆಳೆಯಿತು ನಿಜ. ಅದರಲ್ಲಿ ಅರೆಕಾಲಿಕ ಕೆಲಸವೇ ಬಹಳ. ತಾಸಿನ ಉತ್ಪಾದಕತೆಯ ಏರಿಕೆ ಮಾತ್ರ ಮಂದವಾಯಿತು. ಕೆಲಸಗಾರ ಅಗ್ಗಕ್ಕೆ ಸಿಕ್ಕರೆ ಮಾಲಕ ಹಳೇ ಲೇಥನ್ನೇ ಓಡಿಸುತ್ತಾನೆ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ಯಾಕೆ ತರುತ್ತಾನೆ? ನನ್ನ ಚಿಂತೆ ಇದೇ. ಪಗಾರ ಬಿಟ್ಟುಕೊಡುವ ಮೊದಲು, ಯಂತ್ರಕ್ಕೆ ಮತ್ತು ತರಬೇತಿಗೆ ಎಷ್ಟು ಹಾಕುತ್ತೀರೆಂದು ಬರೆದುಕೊಡಲು ಕೇಳಿ.