ಲೇಖಕಿಯ ವಯಸ್ಸೆಷ್ಟು?

ವೇದಿಕೆಯ ಮೇಲೆ ನನ್ನನ್ನು ಪರಿಚಯಿಸುವವರು ಮೊದಲು ವಯಸ್ಸು ಹೇಳುತ್ತಿದ್ದರು, ಆಮೇಲೆ ಓದುತ್ತಿದ್ದ ತರಗತಿ, ಸಮಯ ಉಳಿದರೆ ಪುಸ್ತಕದ ಹೆಸರು. ಕಥೆಯೊಳಗೆ ಏನಿದೆ ಎಂದು ಕೇಳಿದವರು ವಿರಳ. 13ಕ್ಕೆ ಬರೆಯಲು ತೊಡಗಿ, 16ಕ್ಕೆ ಮೊದಲ ಸಂಕಲನ ತಂದು, ರೇಡಿಯೊ, ಟಿ.ವಿ., ಯೂಟ್ಯೂಬ್‌ಗಳಲ್ಲಿ ಕಾಣಿಸಿಕೊಂಡು ಈಗ 19ರಲ್ಲಿದ್ದೇನೆ. ಈ ವರ್ಷಗಳಲ್ಲಿ ನಾನು ಮಾಡಿಕೊಂಡ ಏರ್ಪಾಡುಗಳೆಲ್ಲ, ಓದುಗರ ಕಣ್ಣು ನನ್ನ ವಯಸ್ಸಿನ ಮೇಲಿಂದ ಬರಹದ ಮೇಲಕ್ಕೆ ಸರಿಯಲಿ ಎಂಬುದಕ್ಕಾಗಿಯೇ.

ಮೊದಲನೆಯದು ಪತ್ರಿಕೆಗಳ ವಿಚಾರ. ಮಕ್ಕಳ ಪುಟಕ್ಕೆ ಕಳುಹಿಸಿದರೆ ಬೇಗ ಅಚ್ಚಾಗುತ್ತದೆ ಎಂದು ಬಂಧುಗಳೆಲ್ಲ ಹೇಳಿದರು. ಆಗುತ್ತದೆ ನಿಜ, ಆದರೆ ಅಲ್ಲಿ ಕನಿಕರವೂ ಸೇರಿಕೊಳ್ಳುತ್ತದೆ. ನಾನು ಭಾನುವಾರದ ಪುರವಣಿಗಳಿಗೇ ಕಳುಹಿಸಿದೆ. ಜೊತೆಗಿನ ಪತ್ರದಲ್ಲಿ ವಯಸ್ಸೂ ಇಲ್ಲ, ಶಾಲೆಯ ಹೆಸರೂ ಇಲ್ಲ. ಬಸವನಗುಡಿಯ ಮನೆಯ ವಿಳಾಸ, ಅಪ್ಪನ ಫೋನ್ ನಂಬರು ಅಷ್ಟೇ. ಒಮ್ಮೆ ಸಂಪಾದಕರೊಬ್ಬರು ಫೋನ್ ಮಾಡಿ, “ಸರ್, ನಿಮ್ಮ ಶ್ರೀಮತಿಯವರಿಗೆ ತಿಳಿಸಿ, ಕೊನೆಯ ಎರಡು ಪ್ಯಾರಾ ಬೇಡ. ಅಜ್ಜಿ ಬದುಕುವುದಿಲ್ಲ ಎಂದು ಓದುಗರಿಗೆ ಆಗಲೇ ಗೊತ್ತಾಗಿದೆ” ಎಂದರು. ಅಪ್ಪ ಗಂಭೀರವಾಗಿ, “ಅವಳು ಟ್ಯೂಷನ್ನಿಗೆ ಹೋಗಿದ್ದಾಳೆ, ಬಂದ ಮೇಲೆ ಹೇಳುತ್ತೇನೆ” ಎಂದರು. ಪಾಠ ಹೇಳಲು ಹೋಗಿದ್ದೇನೆಂದು ಸಂಪಾದಕರು ತಿಳಿದಿರಬೇಕು. ಆ ಎರಡು ಪ್ಯಾರಾ ಕತ್ತರಿಸಿದ ಮೇಲೆ ಕಥೆ ತನ್ನ ಕಾಲ ಮೇಲೆ ನಿಂತಿತು.

ಹೆಸರಿನ ಬಗ್ಗೆ ಅಮ್ಮ ಹಟ ಹಿಡಿದರು. ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರು ಅಚ್ಚಿನಲ್ಲಾಗಲಿ ಪರದೆಯ ಮೇಲಾಗಲಿ ಬರಬಾರದು. ಅನಸೂಯಾ ಶಂಕರ್ ಅವರು ತ್ರಿವೇಣಿಯಾದ ನಾಡಿನಲ್ಲಿ ಕಾವ್ಯನಾಮ ಹೊಸದೇನಲ್ಲ. 2009ರಲ್ಲಿ 11 ವರ್ಷದ ಮಲಾಲಾ ಬಿಬಿಸಿ ಉರ್ದುವಿಗೆ ಪಾಕಿಸ್ತಾನದ ಸ್ವಾತ್ ಕಣಿವೆಯ ದಿನಚರಿ ಬರೆದದ್ದು ಗುಲ್ ಮಕಾಯಿ ಎಂಬ ಹೆಸರಿನಲ್ಲಿ ಎಂದು ಅಮ್ಮ ನೆನಪಿಸಿದರು. ಆಕೆಗಿದ್ದದ್ದು ಜೀವಭಯ, ನನಗಿದ್ದದ್ದು ಶಾಲಾ ಬಸ್ಸಿನ ಗೇಲಿಯ ಭಯ, ಆದರೂ ಒಪ್ಪಿಕೊಂಡೆ. ಯೂಟ್ಯೂಬ್‌ನಲ್ಲಿ ಕಥೆ ಓದುವಾಗಲೂ ಸಮವಸ್ತ್ರ, ಮನೆಯ ಮುಂಬಾಗಿಲು, ಕಿಟಕಿಯಾಚೆಯ ರಸ್ತೆ ಚಿತ್ರದಲ್ಲಿ ಬರುವಂತಿರಲಿಲ್ಲ. ಪ್ರತಿಕ್ರಿಯೆಗಳನ್ನು ದೊಡ್ಡಪ್ಪನ ಮಗಳು ಅಕ್ಕ ಮೊದಲು ಓದಿ, ಹೊಲಸನ್ನು ಅಳಿಸಿ, ಕಟುವಾದ ಆದರೆ ನ್ಯಾಯವಾದ ಟೀಕೆಯನ್ನು ಮಾತ್ರ ನನಗೆ ದಾಟಿಸುತ್ತಿದ್ದಳು. ಹೊಗಳಿಕೆಯನ್ನೂ ತಡೆಹಿಡಿಯುತ್ತಿದ್ದಳು ಎಂಬುದು ತಡವಾಗಿ ತಿಳಿಯಿತು. ಜಾಣೆ.

ಬರವಣಿಗೆಯನ್ನು ಹೆಚ್ಚು ತಿದ್ದಿದ್ದು ಮಾತ್ರ ರೇಡಿಯೊ. ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದದ್ದು 1955ರಲ್ಲಿ; ಅದರ ‘ಯುವವಾಣಿ’ ಎಂಬ ಯುವಜನರ ಕಾರ್ಯಕ್ರಮಕ್ಕೆ ಕಥೆ ಓದಲು ಅವಕಾಶ ಸಿಕ್ಕಿತು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧದ ಬಳಿ ಇಳಿದು ರಾಜಭವನ ರಸ್ತೆಗೆ ನಡೆಯುವಷ್ಟರಲ್ಲಿ ಹಸ್ತಪ್ರತಿಯನ್ನು ಪಿಸುದನಿಯಲ್ಲಿ ಒಮ್ಮೆ ಓದಿ ಮುಗಿಸಬಹುದು. ನನ್ನ ಓದಿನ ವೇಗ ನಿಮಿಷಕ್ಕೆ ಸುಮಾರು 90 ಪದ, ಅಂದರೆ ಹತ್ತು ನಿಮಿಷದ ಕಥೆಗೆ 900 ಪದ. ಕಾಗದದ ಒಂದೇ ಮಗ್ಗುಲಲ್ಲಿ ದೊಡ್ಡಕ್ಷರದಲ್ಲಿ ಬರೆದಿರಬೇಕು, ಪಿನ್ನು ಹಾಕಿರಬಾರದು, ಒಂದು ಪುಟದ ವಾಕ್ಯ ಇನ್ನೊಂದಕ್ಕೆ ಹರಿಯಬಾರದು. ಇಲ್ಲದಿದ್ದರೆ ಪುಟ ಸರಿಸುವ ಸರಪರ ಸದ್ದು ಮೈಕಿಗೆ ಕೇಳುತ್ತದೆ. ಅಕಾರ ಹಕಾರ ಅದಲುಬದಲಾದರೆ ಗಾಜಿನಾಚೆಯಿಂದ ಕೈ ಮೇಲೇಳುತ್ತದೆ, ಮತ್ತೆ ಮೊದಲಿನಿಂದ ಓದಬೇಕು.

ನಾಲಿಗೆ ಎಡವಿದ ಕಡೆಯಲ್ಲೆಲ್ಲ ವಾಕ್ಯವೇ ಡೊಂಕಾಗಿತ್ತು. ಒಂದರೊಳಗೊಂದು ಹೆಣೆದ ಕೃದಂತಗಳು (‘ಮಾಡಿದ’, ‘ಹೋಗುವ’ ಎಂಬಂಥವು), ಎಲ್ಲೋ ಕೊನೆಯಲ್ಲಿ ಸಿಗುವ ಕ್ರಿಯಾಪದ: ಕಣ್ಣಿಗೆ ಪಾಂಡಿತ್ಯದಂತೆ ಕಂಡದ್ದು ಕಿವಿಗೆ ಬರಿಯ ಗೋಜಲು. ಅಂದಿನಿಂದ ಪ್ರತಿ ಕರಡನ್ನೂ ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತೇನೆ. ಕಬ್ಬನ್ ಉದ್ಯಾನದಲ್ಲಿರುವ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಕೇಳುತ್ತ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನೆ. ಪಿಯುಸಿ ಪರೀಕ್ಷೆಯ ತಿಂಗಳುಗಳಲ್ಲಿ ಬರೆಯುತ್ತಿರಲಿಲ್ಲ, ಆದರೆ ಈ ಕೇಳುವ ಕೆಲಸವನ್ನು ನಿಲ್ಲಿಸಲಿಲ್ಲ.

ಟಿ.ವಿ.ಯ ಕಥೆ ಬೇರೆ. ಒಂದು ವಾಹಿನಿಯವರು ಲಂಗ-ದಾವಣಿ ಉಟ್ಟು ಬರಬೇಕೆಂದರು. ಸ್ಟುಡಿಯೊದಲ್ಲಿ, ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಸಾಧನೆ ಹೇಗೆ ಎಂಬ ಒಂದೇ ಪ್ರಶ್ನೆಯನ್ನು ನಾನಾ ರೀತಿಯಲ್ಲಿ ಕೇಳಿದರು. ಕಥೆಗಳನ್ನು ಓದಿರಲಿಲ್ಲ. ಕೊನೆಗೊಂದು ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಬಾಳೆಹಣ್ಣು ಚೆನ್ನಾಗಿತ್ತು. ಈಗ ಯಾರು ಕರೆದರೂ ಒಂದು ಶರತ್ತು ಹೇಳುತ್ತೇನೆ: ಸಂದರ್ಶನದ ನಡುವೆ ಒಂದು ಪುಟ ಓದಲು ಬಿಡಬೇಕು. ಒಪ್ಪದವರೇ ಹೆಚ್ಚು. ಅದರಿಂದ ಎಷ್ಟೋ ಸಂಜೆಗಳು ಬರವಣಿಗೆಗೆ ಉಳಿದವು.

ಬರೆಯುವ ಮಕ್ಕಳ ಅಪ್ಪ-ಅಮ್ಮಂದಿರು ನನ್ನನ್ನು ಹೆಚ್ಚಾಗಿ ಕೇಳುವುದು ಕಾಗದಪತ್ರಗಳ ಬಗ್ಗೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಹಾಗಾಗಿ ಮೊದಲ ಪುಸ್ತಕದ ಕರಾರಿಗೆ ಅಪ್ಪ ಪಾಲಕರಾಗಿ ಸಹಿ ಹಾಕಿದರು. ಆದರೆ ಕೃತಿಸ್ವಾಮ್ಯ ಬರೆದವರದೇ, ವಯಸ್ಸು ಎಷ್ಟೇ ಇರಲಿ; ಬದುಕಿರುವವರೆಗೂ, ತೀರಿಕೊಂಡ ಮೇಲೆ ಇನ್ನೂ 60 ವರ್ಷವೂ ಅದು ಉಳಿಯುತ್ತದೆ. ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಡುವ ಸಾಲು ನಮ್ಮ ಕರಡಿನಲ್ಲಿತ್ತು. ಅದನ್ನು ಹೊಡೆದುಹಾಕಿಸಿ, ಮೊದಲ ಮುದ್ರಣಕ್ಕೆ ಮಾತ್ರ ಎಂದು ಬರೆಸಿದೆವು. ಆಡಿಯೊ ಹಕ್ಕನ್ನು ನನ್ನಲ್ಲೇ ಇಟ್ಟುಕೊಂಡದ್ದರಿಂದ ಯೂಟ್ಯೂಬ್ ಓದಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಪ್ರಾಪ್ತ ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ; ಸ್ವಂತ ಪ್ರತಿಭೆ, ಕೌಶಲದಿಂದ ಗಳಿಸಿದ್ದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದು ಮಗುವಿನ ಲೆಕ್ಕಕ್ಕೇ ಹೋಗುತ್ತದೆ. ನನಗೆ ಬಂದ ಗೌರವಧನಕ್ಕೆ ಆ ವಿನಾಯಿತಿಯ ಅಗತ್ಯ ಬೀಳಲೇ ಇಲ್ಲ, ಅದು ಬೇರೆ ಮಾತು.