ಎರಡು ಗಂಟೆ ಮುಂದಕ್ಕೆ: ರಷ್ಯಾ ಒಡೆದ ಕಥೆ ಬರೆದ ಅನುಭವ

ರಷ್ಯಾ ಚೂರುಚೂರಾಗುವ ಕಥೆ ಬರೀಬೇಕು ಅನ್ನಿಸಿದಾಗ ನಾನು ಮೊದಲು ಮಾಡಿದ್ದು ನಕಾಶೆಗೆ ಬಣ್ಣ ಬಳಿದದ್ದು. ಹನ್ನೊಂದು ದೇಶ, ಹನ್ನೊಂದು ಬಾವುಟ. ಎರಡು ವಾರ ಅದರಲ್ಲೇ ಕಳೆಯಿತು. ಕಥೆ ಒಂದು ಸಾಲೂ ಮುಂದೆ ಹೋಗಲಿಲ್ಲ.

ಆಮೇಲೆ ನಿಜವಾಗಿ ನಡೆದದ್ದನ್ನು ಓದಲು ಕೂತೆ. ಬೇಕಾದಷ್ಟು ಸರಕು ಅಲ್ಲೇ ಬಿದ್ದಿತ್ತು. 1992ರ ಮಾರ್ಚ್‌ನಲ್ಲಿ ರಷ್ಯಾದೊಳಗಿನ ಗಣರಾಜ್ಯ ಟಾಟರ್‌ಸ್ತಾನದಲ್ಲಿ ಮತ ಹಾಕಿದವರ ಪೈಕಿ ನೂರಕ್ಕೆ 61 ಮಂದಿ ಸಾರ್ವಭೌಮತ್ವಕ್ಕೆ ಹೂಂ ಅಂದಿದ್ದರು. 1993ರಲ್ಲಿ ಉರಾಲ್ ಪರ್ವತದ ಕಡೆಯ ಒಂದು ಪ್ರಾಂತ್ಯದ ಮುಖ್ಯಸ್ಥ ಎಡ್ವರ್ಡ್ ರೊಸ್ಸೆಲ್ ಉರಾಲ್ ಗಣರಾಜ್ಯ ಘೋಷಿಸಿದರು. ನವೆಂಬರ್ 9ಕ್ಕೆ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಒಂದೇ ಆದೇಶದಲ್ಲಿ ಅದನ್ನು ಮುಗಿಸಿದರು. ಉರಾಲ್ ಫ್ರಾಂಕ್ ಅಂತ ನೋಟು ಕೂಡ ಅಚ್ಚಾಗಿತ್ತು! ಇದನ್ನು ನಾನೇ ಕಲ್ಪಿಸಿ ಬರೆದಿದ್ದರೆ ನೀವು ನಗುತ್ತಿದ್ದಿರಿ, ಅಲ್ವಾ?

ಆದರೆ ರೊಸ್ಸೆಲ್ ಕೇಳಿದ್ದು ಪ್ರತ್ಯೇಕ ದೇಶವನ್ನಲ್ಲ, ಟಾಟರ್‌ಸ್ತಾನದಂಥ ಗಣರಾಜ್ಯಗಳಿಗಿದ್ದ ಹಕ್ಕನ್ನು. ಹಾಗಿದ್ದ ಮೇಲೆ ಸುಮ್ನೆ ಯಾಕೆ ಬೇರೆಯಾಗುತ್ತಾರೆ? ಕಥೆಯ ತಿರುವನ್ನು ಒಂದು ತಿಂಗಳು ಹಿಂದಕ್ಕೆ ತಂದೆ. ಅಕ್ಟೋಬರ್ 4ರಂದು ಮಾಸ್ಕೋದ ಸಂಸತ್ ಭವನದ ಮೇಲೆ ಟ್ಯಾಂಕುಗಳು ಗುಂಡು ಹಾರಿಸಿದವಲ್ಲ, ನನ್ನ ಕಥೆಯಲ್ಲಿ ಅವು ಬರುವುದೇ ಇಲ್ಲ. ಯೆಲ್ಟ್ಸಿನ್ ಒಂದು ಕಡೆ, ಅವರ ಜೊತೆ ಜಗಳಕ್ಕಿಳಿದ ಸಂಸತ್ತು ಇನ್ನೊಂದು ಕಡೆ. ಎರಡು ಸರ್ಕಾರ, ಎರಡು ಥರದ ಆದೇಶ. ತೆರಿಗೆ ಯಾರಿಗೆ ಕಟ್ಟಬೇಕೋ ತಿಳಿಯದೆ ಉರಾಲ್ ಆ ದುಡ್ಡನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಒಡಕು ಶುರುವಾಗುವುದು ಅಲ್ಲಿಂದ.

ಜಾಸ್ತಿ ತಲೆನೋವು ಕೊಟ್ಟಿದ್ದು ಟಾಟರ್‌ಸ್ತಾನದ ರಾಜಧಾನಿ ಕಜಾನ್. ಎಣ್ಣೆ ಇದೆ, ಸಮುದ್ರ ಇಲ್ಲ. ಅಲ್ಲಿನ ಅಲ್ಮೆತ್ಯೆವ್‌ಸ್ಕ್ ಊರಿನಿಂದ ಹೊರಡುವ ದ್ರುಜ್ಬಾ ಎಣ್ಣೆ ಕೊಳವೆ ಯುರೋಪ್ ಮುಟ್ಟಬೇಕಾದರೆ ರಷ್ಯಾದ ನೆಲ ದಾಟಲೇಬೇಕು. ಮೊದಲ ಕರಡಿನಲ್ಲಿ ಅದನ್ನು ಮರೆತು ಟಾಟರ್‌ಸ್ತಾನವನ್ನು ದಿಢೀರ್ ಶ್ರೀಮಂತ ಮಾಡಿಬಿಟ್ಟಿದ್ದೆ. ನಲವತ್ತು ಪುಟ ಕಸದ ಬುಟ್ಟಿಗೆ ಹೋಯಿತು.

ಕಥೆಗೆ ಜೀವ ಬಂದದ್ದು ರೈಲಿನ ವೇಳಾಪಟ್ಟಿಯಿಂದ. ಆಗೆಲ್ಲ ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗೆ, 9,289 ಕಿ.ಮೀ. ಉದ್ದಕ್ಕೂ, ರೈಲುಗಳು ಓಡುತ್ತಿದ್ದದ್ದು ಮಾಸ್ಕೋ ಸಮಯಕ್ಕೆ. ನಿಲ್ದಾಣದ ಗಡಿಯಾರವೂ ಅದನ್ನೇ ತೋರಿಸುತ್ತಿತ್ತು. ಉರಾಲ್‌ನ ದೊಡ್ಡ ನಗರ ಯೆಕಟೆರಿನ್‌ಬರ್ಗ್‌ನ ಬೀದಿಯಲ್ಲಿ ಮಧ್ಯಾಹ್ನ ಎರಡು ಗಂಟೆ, ನಿಲ್ದಾಣದ ಒಳಗೆ ಹನ್ನೆರಡು!

ಈಗ ನನ್ನ ಮೊದಲ ಅಧ್ಯಾಯದಲ್ಲಿ ಒಂದು ಬಾವುಟವೂ ಇಲ್ಲ. ರೈಲ್ವೆ ನೌಕರನೊಬ್ಬ ಏಣಿ ಹತ್ತುತ್ತಾನೆ. ಗಾಜು ತೆಗೆದು ಮುಳ್ಳನ್ನು ಎರಡು ಗಂಟೆ ಮುಂದಕ್ಕೆ ತಿರುಗಿಸುತ್ತಾನೆ. ಕೆಳಗೆ ಗಂಟು ಹಿಡಿದು ನಿಂತ ಮುದುಕಿ ಕತ್ತೆತ್ತಿ ಕೇಳುತ್ತಾಳೆ, "ಹಂಗಾದ್ರೆ ನನ್ನ ರೈಲು ಹೋಯ್ತಾ?"