ಗಿಟಾರ್‌ನ ಸ್ವಿಚ್ ಕೈಕೊಟ್ಟಿತೇ? ಎಣ್ಣೆ ಡಬ್ಬಿ ದೂರವಿಡಿ

ಮಳೆಗಾಲದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾ ತಾಲೀಮು ಶುರುವಾದರೆ ಸಾಕು, ಡೊಂಬಿವಲಿಯ ನಮ್ಮ ಮನೆಗೆ ಎಲೆಕ್ಟ್ರಿಕ್ ಗಿಟಾರ್‌ಗಳು ಬರತೊಡಗುತ್ತವೆ. ದೂರು ಒಂದೇ: ‘ಮಾಮಾ, ಸ್ವಿಚ್ ಸರಿಸಿದರೆ ಕರಕರ, ಒಂದು ಕಡೆ ಸದ್ದೇ ಇಲ್ಲ.’ ಕಳೆದ ವರ್ಷ ಬಂದ ಒಂದಕ್ಕೆ ಯಾರೋ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ಎಣ್ಣೆಗೆ ಧೂಳು ಸೇರಿ ಒಳಗೆಲ್ಲ ಕಾಡಿಗೆಯಂಥ ಕೆಸರು.

ಮೊದಲು ಕೇಬಲ್ ಬದಲಿಸಿ, ಅದನ್ನು ಸಿಕ್ಕಿಸುವ ಜ್ಯಾಕ್ ಅಲುಗಾಡಿಸಿ ನೋಡಿ. ತಪ್ಪು ಅಲ್ಲೇ ಇದ್ದರೆ ಮುಂದೆ ಓದಬೇಕಾಗಿಲ್ಲ.

ಎಲ್ಲರೂ ಹಾರಿಸಿಬಿಡುವ ಹಂತ ಮುಂದಿನದು. ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್‌ನಲ್ಲಿ ಮೂರು ಪಿಕಪ್, ಅಂದರೆ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿಗಳು; ಯಾವುದು ಕೇಳಬೇಕೆಂದು ಆರಿಸುವ ಸ್ವಿಚ್‌ಗೆ ಐದು ಸ್ಥಾನ. ಆಂಪ್ಲಿಫೈಯರ್ ಸದ್ದು ತಗ್ಗಿಸಿ, ಒಂದೊಂದು ಸ್ಥಾನದಲ್ಲೂ ಮೂರೂ ಪಿಕಪ್‌ಗಳ ಮೇಲೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ. ಚಾಲೂ ಇರುವುದು ‘ಟಕ್’ ಎಂದು ಗಟ್ಟಿಯಾಗಿ ಮಾತಾಡುತ್ತದೆ. ಕೇಳಿದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ; ನೆನಪನ್ನು ನಂಬಬೇಡಿ. ಬ್ರಿಜ್ (ಗಿಟಾರ್‌ನ ಒಡಲಿನ ಮೇಲೆ ತಂತಿಗಳು ಕೂರುವ ಭಾಗ) ಪಕ್ಕದ ಪಿಕಪ್ ಒಂದನೇ ಸ್ಥಾನದಲ್ಲೂ, ನಡುವಿನದರ ಜೊತೆಗೂಡಿ ಎರಡನೆಯದರಲ್ಲೂ ಕೇಳಬೇಕು. ಎರಡನೆಯದರಲ್ಲಿ ಕೇಳಿ ಒಂದನೆಯದರಲ್ಲಿ ಕೇಳದಿದ್ದರೆ ಪಿಕಪ್ ಚೆನ್ನಾಗಿದೆ, ಸ್ವಿಚ್ಚೇ ಕಳ್ಳ. ಎರಡೂ ಕಡೆ ಮೌನವಾದರೆ ತಂತಿಯ ಬೆಸುಗೆ ಬಿಟ್ಟಿರಬಹುದು, ಸುರುಳಿ ಕಡಿದಿರಬಹುದು. ಮುಂದೆ ಹೇಳುವಂತೆ ಗಿಟಾರ್ ಬಿಚ್ಚಿದ ಮೇಲೆ, ಆ ಪಿಕಪ್ ಸೇರದ ಸ್ಥಾನಕ್ಕೆ ಸ್ವಿಚ್ ಸರಿಸಿ ಅದರ ಎರಡು ತಂತಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಸಾಮಾನ್ಯವಾಗಿ 5ರಿಂದ 8 ಕಿಲೋ ಓಮ್ ತೋರಿಸುತ್ತದೆ.

1954ರ ಮೊದಲ ಸ್ಟ್ರಾಟೋಕಾಸ್ಟರ್‌ಗೆ ಮೂರೇ ಸ್ಥಾನಗಳಿದ್ದವು. ವಾದಕರು ಎರಡರ ನಡುವೆ ಸ್ವಿಚ್ ಸಿಕ್ಕಿಸಿ ಹೊಸ ನಾದ ಹುಟ್ಟಿಸುತ್ತಿದ್ದರು. ಅದನ್ನು ತಯಾರಿಸುವ ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ನಿಮ್ಮ ಸ್ವಿಚ್ ತಾನಾಗಿ ನಡುವೆ ನಿಲ್ಲುತ್ತಿದ್ದರೆ ಮಾತ್ರ ಅದು ನಾದವಲ್ಲ, ಸವಕಳಿ.

ನುಡಿಸುವ ತಂತಿಗಳನ್ನು ಸಡಿಲಿಸಿ, ಸ್ಕ್ರೂ ತೆಗೆದು, ಪಿಕ್‌ಗಾರ್ಡನ್ನು (ಪಿಕಪ್, ಸ್ವಿಚ್ ಕೂತಿರುವ ಮುಂಬದಿಯ ಫಲಕ) ಬಟ್ಟೆಯ ಮೇಲೆ ಮಗುಚಿ. ಒಳಗಿನ ವೈರ್‌ಗಳ ಜೋಡಣೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ.

ತೆರೆದ ಮಾದರಿಯ ಸ್ವಿಚ್ ಆದರೆ ತೆಳ್ಳನೆಯ ಹಿತ್ತಾಳೆ ಎಲೆಗಳು ಕಣ್ಣಿಗೆ ಕಾಣುತ್ತವೆ. ಬಿಳಿ ಕಾಗದದ ಪಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕದ ಭಾಗಗಳನ್ನು ಶುಚಿಮಾಡುವ ಸ್ಪ್ರೇ) ಸಿಂಪಡಿಸಿ, ಎಲೆಯ ಕೆಳಗೆ ತೂರಿಸಿ ಎಳೆಯಿರಿ. ಕಾಗದ ಕಪ್ಪಾಗುವುದು ನಿಂತ ಮೇಲೆ ಇಪ್ಪತ್ತು ಸಲ ಸ್ವಿಚ್ ಆಡಿಸಿ, ಒಣಗಲು ಬಿಡಿ. ಉಪ್ಪುಕಾಗದ ಮುಟ್ಟಿಸಲೇಬೇಡಿ, ಮೇಲಿನ ಲೇಪವೇ ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಬೇಡ. ಅವು ಜಿಡ್ಡು ಬಿಡುತ್ತವೆ. ಸೋತ ಎಲೆಯನ್ನು ಚಿಮುಟದಿಂದ ಕೂದಲೆಳೆಯಷ್ಟು ಬಾಗಿಸಿದರೆ ಸಾಕು.

ಪ್ಲಾಸ್ಟಿಕ್ ಡಬ್ಬಿಯಂಥ ಮುಚ್ಚಿದ ಸ್ವಿಚ್ ನನಗೆ ಇಷ್ಟವಿಲ್ಲ. ಸಂದಿಯಿಂದ ಒಮ್ಮೆ ಕ್ಲೀನರ್ ಬಿಟ್ಟು ನೋಡಿ, ಆಗದಿದ್ದರೆ ಬದಲಿಸಿ. ಬೆಸುಗೆ ಹಾಕುವಾಗ ಕಾದ ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಾಗಬಾರದು, ಪ್ಲಾಸ್ಟಿಕ್ ಕರಗುತ್ತದೆ. ಕ್ಲೀನರ್, ಬೆಸುಗೆ ತಂತಿ ಎಲ್ಲ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತವೆ. ಹೊಸ ಸ್ವಿಚ್ ಕೊಳ್ಳಲು ಹೋಗುವಾಗ ಹಳೆಯದನ್ನೂ ಅದರ ತುದಿಯ ಟೋಪಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಇಂಚಿನ ಅಳತೆಯ ಟೋಪಿ ಮಿಲಿಮೀಟರ್ ಅಳತೆಯ ಕಡ್ಡಿಗೆ ಕೂರುವುದಿಲ್ಲ.